ಮೊದಲ ಸಾಲು ಸಾಕು

ಮಾರ್ಚ್ 3, ಸೋಮವಾರ

ಎಂಬತ್ತೆರಡು ಸಾವಿನ ಫಾರಂ ಕಂಪ್ಯೂಟರಿಗೆ ಹತ್ತಿಸಿದೆ. ಸೊಂಟ ಬಿದ್ದುಹೋಗಿದೆ. ಹತ್ತು ವರ್ಷದ ಗ್ರಾಫ್ ಬಂತು — ನಗರದಲ್ಲಿ ಹೆಪಟೈಟಿಸ್ ಸಾವು ಅರ್ಧಕ್ಕಿಳಿದಿದೆ. ಸಾಹೇಬರು ಹಿಗ್ಗಿ ಹೀರೇಕಾಯಿ. ಎಲ್ಲರಿಗೂ ಟೀ.

ನಮ್ಮ ಆರೋಗ್ಯ ಕಚೇರಿಗೆ ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಆಸ್ಪತ್ರೇಲಿ ಲಿವರ್ ವಾರ್ಡ್ ತುಂಬಿ ತುಳುಕ್ತಿದೆ. ಸಾವು ಹೇಗೆ ಕಡಿಮೆಯಾಯ್ತು?" ಎಂದರು. ಇವರಿಗೆ ಎಲ್ಲದರಲ್ಲೂ ಹುಳುಕು ಹುಡುಕುವ ಚಟ.

ಮಾರ್ಚ್ 5

ಡಾಕ್ಟರಮ್ಮ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. ಫಾರಂನಲ್ಲಿ ಸಾವಿನ ಕಾರಣಕ್ಕೆ ಮೂರು ಸಾಲು. ಮೊದಲನೆಯದನ್ನು ಟೈಪ್ ಮಾಡಿ ಮುಂದಿನ ಫಾರಂಗೆ ಹೋದೆ.

"ಕೆಳಗಿನ ಸಾಲುಗಳು?"

"ಮೊದಲ ಸಾಲು ಸಾಕು ಅಂತ ಹಳೇ ಹೆಡ್ ಕ್ಲರ್ಕ್ ಹೇಳ್ಕೊಟ್ಟಿದ್ರು, ಮೇಡಂ. ಆರು ವರ್ಷದಿಂದ ಹಾಗೇ ಮಾಡ್ತಿದೀನಿ."

"ಅಯ್ಯೋ, ಮೂಲ ಕಾಯಿಲೆ ಬರೆಯೋದೇ ಕೊನೇ ಸಾಲಲ್ಲಿ ಕಣಮ್ಮ!"

ಈಗಷ್ಟೇ ಬದಿಗಿಟ್ಟ ಫಾರಂ ಮತ್ತೆ ಎತ್ತಿ ನೋಡಿದೆ. ಮೇಲೆ 'ಲಿವರ್ ಫೇಲ್ಯೂರ್'. ಕೊನೆಯಲ್ಲಿ 'ಹೆಪಟೈಟಿಸ್ ಬಿ'. ಗ್ರಾಫ್ ಇಳಿಯಲು ಶುರುವಾದದ್ದೂ ಆರು ವರ್ಷದ ಹಿಂದೆ... ನಾನು ಸೇರಿದ ವರ್ಷ.

ಮಾರ್ಚ್ 6, ಮಧ್ಯಾಹ್ನ

ಡಾಕ್ಟರಮ್ಮನ ಜೊತೆ ರೆಕಾರ್ಡ್ ರೂಮ್. ಧೂಳಿಗೆ ಸೀನಿ ಸೀನಿ ಸಾಕಾಯಿತು. ಹಳೆಯ ಕಟ್ಟು ಬಿಚ್ಚಿ ಕೊನೆಯ ಸಾಲುಗಳನ್ನೇ ನೋಡುತ್ತಾ ಹೋದೆ. ಬಿ... ಸಿ... ಮತ್ತೆ ಬಿ.

ನಾಲ್ಕು ವರ್ಷದ ಹಿಂದಿನ ಕಟ್ಟಿನಲ್ಲಿ ಅಮ್ಮ. ಆಸ್ಪತ್ರೆಯವರು ನಮಗೆ 'ಲಿವರ್ ಹೋಗಿದೆ' ಎಂದಷ್ಟೇ ಹೇಳಿದ್ದರು. ರಜೆ ಮುಗಿಸಿ ಬಂದು ಈ ಫಾರಂ ಎಂಟ್ರಿ ಮಾಡಿದವಳು ನಾನೇ. ಕಣ್ಣೊರೆಸಿಕೊಂಡು, ಮೊದಲ ಸಾಲು ಟೈಪ್ ಮಾಡಿ, ಮುಂದಿನದಕ್ಕೆ.

ಕೊನೆಯ ಸಾಲು: ಹೆಪಟೈಟಿಸ್ ಬಿ.

ಡಾಕ್ಟರಮ್ಮ ಕೈ ಹಿಡಿದುಕೊಂಡರು. "ಹೆರಿಗೇಲಿ ತಾಯಿಂದ ಮಕ್ಕಳಿಗೆ ಬರಬಹುದು. ನೀವೆಷ್ಟು ಜನ?"

ನಾನು. ಅಕ್ಕ. ಅಕ್ಕನಿಗೆ ಆರು ತಿಂಗಳಿಂದ ಸುಸ್ತು. ಸೋಮಾರಿ ಎಂದು ಆಡಿಕೊಂಡಿದ್ದೆ, ಪಾಪಿ ನಾನು.

ಮಾರ್ಚ್ 7

ಆಫೀಸಿನವರ ಮನೆಮಂದಿಗೆಲ್ಲ ಟೆಸ್ಟ್ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. "ದಿನಾ ಸತ್ತವರ ಪಟ್ಟಿ ಬರ್ದೂ ಬರ್ದೂ ನಿಂಗೆ ತಲೆ ಕೆಟ್ಟಿದೆ ಕಣೇ" ಎಂದು ನಕ್ಕಳು. ಸೂಜಿ ಕಂಡರೆ ಅವಳಿಗೆ ಜೀವ ಬಾಯಿಗೆ ಬರುತ್ತದೆ. ಆದರೂ ರಕ್ತ ಕೊಟ್ಟಳು.

ಮಾರ್ಚ್ 14, ಸಂಜೆ 4

ನನಗೆ ಇಲ್ಲ. ಅಕ್ಕನಿಗೆ ಇದೆ. ಸ್ಕ್ಯಾನ್‌ನಲ್ಲಿ ಲಿವರ್ ಮೇಲೆ ಗಡ್ಡೆ. ಕ್ಯಾನ್ಸರ್.

"ಮೂರ್ನಾಲ್ಕು ವರ್ಷ ಮುಂಚೆ ಬಂದಿದ್ರೆ ಮಾತ್ರೇಲೇ ಹತೋಟಿಗೆ ತರಬಹುದಿತ್ತು" ಎಂದರು ಲಿವರ್ ಡಾಕ್ಟರು.

ಅಕ್ಕ ನನ್ನ ಬೆನ್ನು ಸವರಿದಳು. "ಈಗ್ಲಾದ್ರೂ ಗೊತ್ತಾಗಿದ್ದು ಇವಳಿಂದ, ಡಾಕ್ಟ್ರೇ. ಇವಳು ಎಳ್ಕೊಂಡು ಬರದಿದ್ರೆ ನಾನೆಲ್ಲಿ ಬರ್ತಿದ್ದೆ..."

ಹೇಳಬೇಕು. ಅಮ್ಮನ ಫಾರಂ ಆವತ್ತೇ ನನ್ನ ಕೈಯಲ್ಲಿ ಇತ್ತು, ಅಕ್ಕ, ನಾನು ಕೊನೆಯ ಸಾಲು ಓದಲೇ ಇಲ್ಲ.