ಉಗುರಗಲದ ಬೋರ್ಡು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಾವನವರಿಗೆ, ನಿಮ್ಮ ಸೊಸೆಯ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಅಕ್ಕನ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಹತ್ತಿ ಇಳಿಯುವಾಗ ಕಂಬಿ ಹಿಡಿದುಕೊಳ್ಳಿ, ಪೌರುಷ ತೋರಿಸಲು ಹೋಗಬೇಡಿ. ಬಿ.ಪಿ. ಮಾತ್ರೆ ಇಲ್ಲೇ ಬಿಟ್ಟು ಹೋಗಿದ್ದಿರಿ. ಅಲ್ಲಿ ಹೊಸದು ತರಿಸಿಕೊಂಡಿರಿ ಎಂದು ನಿಮ್ಮ ಮಗಳು ಹೇಳಿದ ಮೇಲೆ ಜೀವಕ್ಕೆ ಸಮಾಧಾನವಾಯಿತು. ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ, ನಂಬಬೇಡಿ. ನಾನು ಫೋನು ಮಾಡಿದಾಗಲೆಲ್ಲ ನೀವು ಸ್ನಾನಕ್ಕೆ ಹೋಗಿರುತ್ತೀರಿ, ಇಲ್ಲವೇ ಮಲಗಿರುತ್ತೀರಿ. ನೀವು ಅಲ್ಲಿಗೆ ಹೋದ ಈ ಐದು ವಾರದಲ್ಲಿ ಯಾರೂ ಇಷ್ಟು ಸ್ನಾನ ಮಾಡಿರಲಿಕ್ಕಿಲ್ಲ. ಅದಕ್ಕೇ ಈ ಕಾಗದ. ನನ್ನ ಅಕ್ಷರ ನೋಡಿ ನಗುವುದಿದ್ದರೆ ನಗಿ. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವರ ಎದುರು ಯಾರ ಅಕ್ಷರ ತಾನೇ ನೆಟ್ಟಗಿರುತ್ತದೆ?

ನಾನು ಮಾಡಿದ ತಪ್ಪು ಒಂದಲ್ಲ, ಮೂರು. ಮೊದಲನೆಯದು ನಿಮಗೆ ನೆನಪಿದೆಯೋ ಇಲ್ಲವೋ. ನಾನು ಮಾಡುತ್ತಿದ್ದ ಕಂಪ್ಯೂಟರ್ ಆಟ ಮುಗಿಯುತ್ತ ಬಂದಿತ್ತು. ಅದರಲ್ಲಿ ಐದು ಮಹಡಿಯ ಕಟ್ಟಡದ ಕಾವಲುಗಾರ, ಜನ ಕಳೆದುಕೊಂಡದ್ದನ್ನು ಹುಡುಕಿ ಮನೆಮನೆಗೆ ಮುಟ್ಟಿಸುತ್ತಾನೆ. ಹೊಡೆದಾಟವಿಲ್ಲ, ಬಡಿದಾಟವಿಲ್ಲ. ನಾಲ್ಕು ವರ್ಷ ಒಬ್ಬಳೇ ಕೂತು ಮಾಡಿದ್ದೆ. ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಲ್ಲಿ ಇಡಬೇಕಾದರೆ ಒಂದು ಮುಖಚಿತ್ರ ಬೇಕು, ನೀವೇ ಬರೆದುಕೊಡಿ ಎಂದು ಕೇಳಿದೆ. ನಿಮ್ಮ ಮುಖ ಅರಳಿದ್ದನ್ನು ನೋಡಬೇಕಿತ್ತು. ಡಬ್ಬದಿಂದ ಬ್ರಷ್ಷುಗಳನ್ನೆಲ್ಲ ತೆಗೆದು ತೊಳೆದು ಸಾಲಾಗಿ ಒಣಗಲಿಟ್ಟು, ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಒಂದೇ ಒಂದು ಪ್ರಶ್ನೆ ಕೇಳಿದಿರಿ: "ಇದನ್ನ ಜನ ಎಷ್ಟು ದೂರದಿಂದ ನೋಡ್ತಾರಮ್ಮಾ?" ನಾನು ಕೀಲಿಮಣೆಯಿಂದ ತಲೆ ಎತ್ತದೆ, "ಕೈಯಲ್ಲೇ ಹಿಡ್ಕೊಂಡು ನೋಡ್ತಾರೆ ಮಾವ, ಹತ್ತಿರದಿಂದಲೇ" ಎಂದುಬಿಟ್ಟೆ.

ಬೋರ್ಡು ಬರೆದ ಮೇಲೆ ನೀವು ಬಣ್ಣ ಆರುವ ಮುಂಚೆಯೇ ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ನಿಂತು, ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದಿರಂತೆ. ಓಡುವ ಬಸ್ಸಿನಲ್ಲಿ ಕೂತವನಿಗೆ ಓದಲಾಗದಿದ್ದರೆ ಅಳಿಸಿ ಮತ್ತೆ ಬರೆಯುತ್ತಿದ್ದಿರಂತೆ. ಮದುವೆಯಾದಾಗಿನಿಂದ ಈ ಕಥೆಯನ್ನು ನೂರು ಸಲ ಕೇಳಿದ್ದೇನೆ. ಆದರೂ ನನ್ನ ಮಂಡೆಗೆ ಹೊಳೆಯಲಿಲ್ಲ. ಫೋನು ಕೈಯಲ್ಲಿರುತ್ತದೆ ನಿಜ, ಆದರೆ ಆ ಅಂಗಡಿಯಲ್ಲಿ ಚಿತ್ರ ಕಾಣುವುದು ಹೆಬ್ಬೆರಳ ಉಗುರಿನಷ್ಟು. ಅದರ ಅಕ್ಕಪಕ್ಕ ಇನ್ನೂರು ಉಗುರುಗಳು. ಜನ ಬೆರಳಿನಿಂದ ತಳ್ಳುತ್ತ ಹೋಗುತ್ತಾರೆ, ಒಂದೊಂದರ ಪಾಲಿಗೆ ಅರೆ ಕ್ಷಣ. ಅದು ಓಡುವ ಬಸ್ಸೇ ಮಾವ. ನೀವು ಕೇಳಬೇಕಾದ್ದನ್ನೇ ಕೇಳಿದ್ದಿರಿ. ಉತ್ತರ ಕೊಟ್ಟವಳು ಗಡಿಬಿಡಿಯಲ್ಲಿದ್ದಳು.

ಹತ್ತಿರದಿಂದ ನೋಡುತ್ತಾರೆ ಎಂದು ನಂಬಿ ನೀವು ಎರಡು ತಿಂಗಳು ಬರೆದಿರಿ. ಆ ಕಟ್ಟಡದ ನಲವತ್ತು ಕಿಟಕಿ, ಒಂದೊಂದರಲ್ಲಿ ಒಂದೊಂದು ಸಂಸಾರ. ಕೊಡೆ ರಿಪೇರಿ ಮಾಡುವವನು, ಮಗುವಿನ ಉಗುರು ಕತ್ತರಿಸುವವಳು, ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಪೇಪರ್ ಓದುವ ಮುದುಕ. ನಾನು ಭೂತಗನ್ನಡಿ ಹಿಡಿದು ನೋಡಿ ಬೆಕ್ಕಸ ಬೆರಗಾಗಿದ್ದೆ. ಆಮೇಲೆ ಅದನ್ನು ಅಂಗಡಿಯ ಪುಟಕ್ಕೆ ಹಾಕಿದೆ. ಉಗುರಗಲಕ್ಕೆ ಇಳಿದಾಗ ಅದು ಹಳೆಯ ಜರಡಿಯ ತುಂಡಿನಂತೆ ಕಂಡಿತು. ಹೆಸರು ಓದಲಾಗಲಿಲ್ಲ. ದಿನಕ್ಕೆ ಹತ್ತು ಜನ ಕೂಡ ಅದನ್ನು ಒತ್ತಿ ತೆರೆಯುತ್ತಿರಲಿಲ್ಲ.

ಆಗಲೇ ಬಂದು ಹೇಳಬೇಕಿತ್ತು. ನೀವು ಬೇಜಾರು ಮಾಡಿಕೊಳ್ಳುತ್ತೀರಿ ಎಂದು ಹೇಳಲಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದು ಅಪ್ಪಟ ಸುಳ್ಳು. ಹೇಳಿದರೆ ಇನ್ನೆರಡು ತಿಂಗಳು ಕಾಯಬೇಕಾಗುತ್ತದೆ ಎಂಬುದೇ ನಿಜವಾದ ಕಾರಣ. ಪರಿಚಯದವರ ಮೂಲಕ ಒಬ್ಬ ಪೋಸ್ಟರ್ ಮಾಡುವವನನ್ನು ಹಿಡಿದೆ. ಅವನು ಚಿತ್ರ ನೋಡಿ ತಲೆ ಆಡಿಸಿದ. ಒಂದೇ ಮುಖ ಇರಬೇಕು, ಅದು ನೋಡುವವರನ್ನೇ ನೋಡಬೇಕು, ಬಣ್ಣ ಮೂರು ಮೀರಬಾರದು, ಅಕ್ಷರ ದಪ್ಪಗಿರಬೇಕು ಎಂದ. ನಾನು ಸರಿಯಾದ ಉತ್ತರ ಕೊಟ್ಟಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ. ಆಮೇಲೆ ಅವನು ನಾಲ್ಕನೇ ಮಹಡಿಯ ಒಂದು ಕಿಟಕಿಯ ಮೇಲೆ ಬೆರಳಿಟ್ಟ. ಮೊಣಕೈ ಊರಿ ಕೆಳಗೆ ನೋಡುವ ಹೆಂಗಸು, ಅಕ್ಕಿಕಾಳಿನಷ್ಟು ಮುಖ. "ಇವರು ಯಾರು?" ಎಂದು ಕೇಳಿದ. "ಯಾರೂ ಅಲ್ಲ, ಸುಮ್ನೆ ಬರೆದಿದ್ದಾರೆ" ಎಂದೆ. ಇದು ಎರಡನೆಯ ತಪ್ಪು.

ಅವನು ಆ ಮುಖವನ್ನು ಹಿಗ್ಗಿಸಿ, ಕಣ್ಣುಗಳನ್ನು ಅಗಲ ಮಾಡಿ, ಗಲ್ಲದ ಕೆಳಗಿನಿಂದ ನೀಲಿ ಬೆಳಕು ಬಿಟ್ಟ. ಹೆದರಿದ ಮುಖ ಕಂಡರೆ ಬೆರಳು ತಾನಾಗಿ ನಿಲ್ಲುತ್ತದಂತೆ. ನಿಂತಿತು ಕೂಡ. ಒಂದೇ ವಾರದಲ್ಲಿ ಸಾವಿರಾರು ಜನ ಬಂದರು. ಬಂದವರು ಒಳಗೆ ಕಾವಲುಗಾರ ಕಳೆದುಹೋದ ಕನ್ನಡಕ ಹುಡುಕುವುದನ್ನು ನೋಡಿ, ದೆವ್ವ ಎಲ್ಲಿ, ಮೋಸ ಮಾಡಿದಿರಿ ಎಂದು ಬಾಯಿಗೆ ಬಂದಂತೆ ಬರೆದರು. ನಾನು ಅದನ್ನೂ ನುಂಗಿಕೊಂಡೆ. ಜನ ಬರುತ್ತಿದ್ದಾರಲ್ಲ ಎಂಬ ಖುಷಿಯಲ್ಲಿ ಮೈಮರೆತಿದ್ದೆ.

ಮೂರನೆಯ ತಪ್ಪು ಬರೆಯಲು ಕೈ ಓಡುವುದಿಲ್ಲ. ನೀವು ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದು ಬಂದು, "ನಮ್ಮ ಬೋರ್ಡು ನೇತಾಡ್ತಿದೆಯಾ?" ಎಂದು ಕೇಳುತ್ತಿದ್ದಿರಿ. ನಾನು ಕಂಪ್ಯೂಟರಿನಲ್ಲಿ ಹಳೆಯ ಪುಟದ ಫೋಟೋ ಉಳಿಸಿಕೊಂಡಿದ್ದೆ. ಅದನ್ನು ತೆರೆದು ತೋರಿಸುತ್ತಿದ್ದೆ. ನೀವು ಕನ್ನಡಕ ಏರಿಸಿ ನೋಡಿ, ಮೂಲೆಯಲ್ಲಿ ನಿಮ್ಮ ಸಹಿ ಇರುವುದನ್ನು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದಿರಿ. ಒಂದು ದಿನ ಅಲ್ಲ, ಏಳು ವಾರ. ಅಪ್ಪನಿಗೆ ಹೇಳಿಬಿಡು ಎಂದು ನಿಮ್ಮ ಮಗ ಎರಡು ಸಲ ಅಂದರು. ನಾಳೆ, ನಾಳೆ ಎಂದೆ.

ಆ ದಿನ ಕಟಿಂಗ್ ಶಾಪಿನಿಂದ ನೀವು ಒಂದು ಕೆನ್ನೆಗೆ ಮಾತ್ರ ಕ್ಷೌರ ಮಾಡಿಸಿಕೊಂಡು ಬಂದಿರಿ. ನಾನು ಮಹಾ ಜಾಣೆಯ ಹಾಗೆ, "ಏನ್ ಮಾವ, ಅವರ ಬ್ಲೇಡು ಕೈಕೊಡ್ತಾ?" ಎಂದು ನಕ್ಕೆ. ನೀವು ಬಟ್ಟೆ ಮಡಚಿಟ್ಟುಕೊಂಡು, ಮಗಳ ಮನೆಗೆ ನಾಲ್ಕು ದಿನ ಹೋಗಿ ಬರುತ್ತೇನೆ ಎಂದು ಹೊರಟಿರಿ. ಶಾಪಿನವರು ಆಮೇಲೆ ನನಗೆ ಹೇಳಿದರು. ನೀವು ಹೆಮ್ಮೆಯಿಂದ ಆಟದ ಹೆಸರು ಹೇಳಿ ಹುಡುಕಿಸಿದಿರಂತೆ. ಅವರು ಫೋನು ನಿಮ್ಮ ಮುಂದೆ ಹಿಡಿದು, "ಓ, ಈ ದೆವ್ವದ ಆಟಾನಾ ನಿಮ್ಮ ಸೊಸೆ ಮಾಡಿರೋದು?" ಎಂದರಂತೆ. ನೀವು ನೊರೆ ಒರೆಸಿಕೊಂಡು ಎದ್ದುಬಿಟ್ಟಿರಂತೆ.

ನಿಮ್ಮ ಬೋರ್ಡು ಇಳಿಸಿದ್ದಕ್ಕೆ ಕೋಪ ಎಂದೇ ತಿಳಿದಿದ್ದೆ. ನಾಲ್ಕು ದಿನ ಮುಖ ಊದಿಸಿಕೊಂಡು ಬರುತ್ತಾರೆ ಬಿಡು ಎಂದೂ ಅಂದುಕೊಂಡೆ. ಗುರುವಾರ ಅಕ್ಕ ಫೋನಿನಲ್ಲಿ ನಿಜ ಹೇಳಿದರು. "ಬೋರ್ಡಿಗಲ್ಲ ಕಣೇ. ಆ ಕಿಟಕಿಯಲ್ಲಿ ಅಪ್ಪ ಬರೆದಿದ್ದು ಅಮ್ಮನ್ನ." ನಾನು ಅತ್ತೆಯನ್ನು ನೋಡಿದವಳಲ್ಲ. ಮೂವತ್ತು ವರ್ಷದ ಹಿಂದೆ ಹೋದವರನ್ನು, ಯಾರಿಗೂ ಹೇಳದೆ, ಅಕ್ಕಿಕಾಳಿನಷ್ಟು ಜಾಗದಲ್ಲಿ ನೀವು ಕೂರಿಸಿದ್ದಿರಿ. ನಾನು ಅವರನ್ನು ಎಳೆದು ಬೀದಿಗೆ ತಂದು, ಬೇರೆ ಕಣ್ಣು ಹಚ್ಚಿಸಿ, ಜನರ ಬಾಯಲ್ಲಿ ದೆವ್ವ ಅನ್ನಿಸಿದೆ.

ಇವತ್ತು ಬೆಳಿಗ್ಗೆ ಆ ಮುಖವನ್ನು ತೆಗೆದು ನಿಮ್ಮ ಚಿತ್ರವನ್ನೇ ಹಾಕಿದ್ದೇನೆ. ಜನ ಕಡಿಮೆಯಾಗುತ್ತಾರೆ, ಆಗಲಿ. ಆದರೆ ಈಗಾಗಲೇ ಆಟ ಕೊಂಡವರ ಹತ್ತಿರ ಹೋಗಿ ಆ ಮುಖವನ್ನು ಕಿತ್ತುಕೊಂಡು ಬರಲು ನನ್ನಿಂದಾಗುವುದಿಲ್ಲ. ಅದು ಅಲ್ಲಲ್ಲಿ ಉಳಿದೇ ಉಳಿಯುತ್ತದೆ. ಇದಕ್ಕೆ ನನ್ನ ಹತ್ತಿರ ಪರಿಹಾರವಿಲ್ಲ, ತಪ್ಪಾಯಿತು ಎಂಬ ಮಾತೊಂದೇ ಇದೆ. ಫೋನಿಗೆ ಬಂದು ಬೈದರೂ ಸಾಕು, ಬಾಯಿಮುಚ್ಚಿಕೊಂಡು ಕೇಳಿಸಿಕೊಳ್ಳುತ್ತೇನೆ. ಅದು ನನಗೆಷ್ಟು ಕಷ್ಟ ಎಂದು ನಿಮಗೆ ಗೊತ್ತು.

ಅಕ್ಕನಿಗೆ, ಭಾವನಿಗೆ ನಮಸ್ಕಾರ ತಿಳಿಸಿ. ಊಟ ಬಿಡಬೇಡಿ. ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ.

ನಿಮ್ಮ ಆಶೀರ್ವಾದ ಕೇಳುವ ಮುಖವಿಲ್ಲದ,
ನಿಮ್ಮ ಸೊಸೆ

ತಾ.ಕ.: ಕವರು ತರಲು ಎದ್ದು ನಿಮ್ಮ ಕೋಣೆಗೆ ಹೋದೆ. ನಿಮ್ಮ ಮಗ ನಿಮ್ಮ ಮಂಚದ ಮೇಲೆ ಫೋನು ಹಿಡಿದು ಕೂತಿದ್ದಾರೆ. ಅದು ಅತ್ತೆಯ ಮುಖ ಎಂದು ನಿನ್ನೆ ಅವರಿಗೆ ಹೇಳಿದ್ದೆ, ತೆಗೆದುಬಿಡು ಎಂದಷ್ಟೇ ಅಂದಿದ್ದರು. ಈಗ ನೋಡಿದರೆ ನಾನು ಬೆಳಿಗ್ಗೆ ತೆಗೆದ ಆ ಹೆದರಿದ ಮುಖವನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದಾರೆ. ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಾರೆ. ಮೂರು ವರ್ಷದವರಿದ್ದಾಗ ಅಮ್ಮ ಹೋದರಲ್ಲ, ಮನೆಯಲ್ಲಿರುವ ಒಂದೇ ಫೋಟೋದಲ್ಲೂ ಅತ್ತೆಯ ಮುಖ ಯಾರದೋ ಹೆಗಲ ಹಿಂದೆ ಮರೆಯಾಗಿದೆ. ನನ್ನನ್ನು ಕಂಡು ಇವರೇ ಅಂದರು: "ಇದು ಅಮ್ಮನ ಕಣ್ಣಲ್ಲ ಅಂತ ಗೊತ್ತು. ಆದ್ರೆ ಅಮ್ಮಂದು ಹೇಗಿತ್ತು ಅಂತ ನಂಗೆ ಗೊತ್ತಿಲ್ವಲ್ಲೇ." ಮಾವ, ನನ್ನನ್ನು ಕ್ಷಮಿಸದಿದ್ದರೂ ಪರವಾಗಿಲ್ಲ. ಒಂದು ಸಲ ಬಂದು ಅತ್ತೆಯ ಮುಖವನ್ನು ದೊಡ್ಡದಾಗಿ ಬರೆದುಕೊಡಿ. ಆಟಕ್ಕಲ್ಲ, ಇವರಿಗೆ.