ಕೆಂಡಕ್ಕೆ ಬಿದ್ದ ಹರಳು

ನವೆಂಬರ್ ೧೪, ಶುಕ್ರವಾರ. ತ್ಯಾವಣಿಗೆ.

ಇಂದೋರಿಗೆ ಹೊರಡಲು ಐದೇ ದಿನ ಇತ್ತು. ಸಂಜೆ ಮಗು ಒಂದೇ ಸಮನೆ ಅಳುತ್ತಿತ್ತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ, ದೃಷ್ಟಿಯಾಗಿದೆಯೆಂದು, ನನ್ನ ಡಬ್ಬಿಯಲ್ಲಿದ್ದ ಪಟಿಕದ ಹರಳನ್ನು ನಿವಾಳಿಸಿ ಕೆಂಡಕ್ಕೆ ಹಾಕಿದ್ದಳು.

"ಪಟಿಕ ತಾನೆ? ಅಂಗಡೀಲಿ ಬೇಕಾದಷ್ಟು ಐತೆ. ಅದಕ್ಯಾಕೆ ಮುಖ ಹಿಂಗೆ ಮಾಡ್ತೀಯಾ?"

ಪಟಿಕವೇ, ಅಮ್ಮನ ತಪ್ಪಿಲ್ಲ. ಆದರೆ ಬಸುರಿಯಾಗಿದ್ದಾಗ ನನ್ನ ಪಿಎಚ್.ಡಿ. ಸಂಶೋಧನೆಗೆಂದು ಮೂರು ತಿಂಗಳು ಕಾದು ಬೆಳೆಸಿದ್ದು, ಇದ್ದದ್ದು ಅದೊಂದೇ. ಇಂದೋರಿನ ಸಿಂಕ್ರೊಟ್ರಾನ್ ಎಂಬ ಭಾರಿ ಯಂತ್ರದ ಎಕ್ಸ್-ಕಿರಣ ಹಾಯಿಸಿ, ಅದರೊಳಗಿನ ಪರಮಾಣುಗಳು ಎಷ್ಟು ನಡುಗುತ್ತವೆಂದು ಅಳೆಯಬೇಕಿತ್ತು. ವರ್ಷ ಕಾದ ಮೇಲೆ ಯಂತ್ರ ಎರಡು ದಿನದ ಮಟ್ಟಿಗೆ ಸಿಕ್ಕಿತ್ತು.

ಅಮ್ಮ ಉಬ್ಬಿದ ಗಡ್ಡೆಯನ್ನು ಇಕ್ಕಳದಲ್ಲಿ ತಿರುಗಿಸಿ ನೋಡಿದಳು. "ಹೆಂಗಸಿನ ಮುಖ ಬಂದೈತೆ ನೋಡೇ, ಕನ್ನಡಕ ಬೇರೆ. ನಿಮ್ಮ ಗೈಡ್ ಮೇಡಂದೇ ಕಣ್ಣು ಬಿದ್ದೈತೆ."

ನಗು ಬಂತು. ಮಗುವೂ ಮಲಗಿತು.

ನಾಲ್ಕು ತಿಂಗಳ ಕೂಸನ್ನು ಬಿಟ್ಟು ಹೋಗುವ ಹೆದರಿಕೆಯಲ್ಲಿ ವಾರದಿಂದ ನನಗೆ ನಿದ್ದೆಯಿಲ್ಲ. ಇನ್ನು ಹೋಗಬೇಕಾಗಿಲ್ಲ. ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ, ಹರಳು ಹಾಳಾಯಿತೆಂದು ಹೇಗೋ ಹೇಳಿಬಿಡಬಹುದು. ಆದರೆ ಅದು ಕೆಂಡದಲ್ಲಿ ಉಬ್ಬುವುದನ್ನು ಕಂಡ ಕೂಡಲೇ ನನ್ನ ಎದೆ ಹಗುರಾಯಿತಲ್ಲ, ಅದನ್ನು ಯಾರಿಗೆ ಹೇಳಲಿ?