ಫೀವರ್ ಕಡ್ಡಿ

ಮುದ್ದೇಬಿಹಾಳ
೧೨-೬-೧೯೭೪

ತೀರ್ಥರೂಪ ಅಪ್ಪಾರಿಗೆ ಚಂದವ್ವನ ನಮಸ್ಕಾರ.

ನರ್ಸ್ ಟ್ರೇನಿಂಗಿಗೆ ನನ್ನ ಆರಿಸ್ಯಾರ್ರಿ. ಡಾಕ್ಟರ್ ಬಾಯಾರು ಮೇಜಿನ ಮ್ಯಾಲೆ ಸಾಮಾನು ಇಟ್ಟು, ಒಂದೊಂದರ ಹೆಸರು ಇಂಗ್ಲೀಷಿನ್ಯಾಗ ಹೇಳು ಅಂದ್ರು. ಕಾಟನ್, ಸೋಪ್, ಸಿಜರ್ ಎಲ್ಲಾ ಹೇಳಿದೆ. ಜ್ವರ ನೋಡೂ ಗಾಜಿನ ಕಡ್ಡಿ ಹೆಸರು ಮಾತ್ರ ಬರಲಿಲ್ಲ. ಜ್ವರಕ್ಕ ಫೀವರ್ ಅಂತಾರಂತ ಗೊತ್ತಿತ್ತು. "ಫೀವರ್ ಕಡ್ಡಿ ರೀ" ಅಂದೆ.

ಬಾಯಾರು ನಕ್ಕು, "ಇದು ಥರ್ಮಾಮೀಟರ್. ಆದ್ರೂ ನೀ ಗಾಬರಿಯಾಗಿ ಸುಮ್ಮನ ನಿಲ್ಲಲಿಲ್ಲ, ಅಂಥಾಕಿನ ಬೇಕು ನಮಗ" ಅಂದ್ರು.

ಎರಡು ವರ್ಷ ಬಿಜಾಪುರದಾಗ ಕಲೀಬೇಕ್ರಿ. ಸೋಮವಾರ ನನ್ನ ನೋಡಾಕ ಬರೂ ತಾಳಿಕೋಟಿ ಬೀಗರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಿಸ್ರಿ. ಅವ್ವ ಸಿಟ್ಟಾಗ್ತಾಳ, ಗೊತ್ತೈತಿ. ನನಗ ಎರಡು ಬಿಳಿ ಸೀರಿ ಬೇಕ್ರಿ. ಅವನ್ನ ಅವ್ವನ ಕೈಲೆ ಆರಿಸಿಸಿ ತರ್ರಿ.

ನಿಮ್ಮ ಮಗಳು
ಚಂದವ್ವ